ನಮ್ಮ ಗಂಡುಮಕ್ಕಳ ಓದು

ಹೆಣ್ಣುಮಕ್ಕಳ ಶಾಲೆಯ ಸ್ಮರಣಸಂಚಿಕೆಯಲ್ಲಿ ಗಂಡುಮಕ್ಕಳ ವಿದ್ಯಾಭ್ಯಾಸವನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಬಹುಮಂದಿ ಈಗ ತಾಯಂದಿರಾಗಿರುವರು. ಅವರ ಮನೆಗಳಲ್ಲಿ ಹೆಣ್ಣುಮಕ್ಕಳಿರುವಂತೆಯೇ ಗಂಡುಮಕ್ಕಳೂ ಇರುವರಷ್ಟೆ. ವಾರ್ಷಿಕೋತ್ಸವಕ್ಕೆ ಬಂದಾಗ ಅವರು ನನ್ನನ್ನು ಒತ್ತಟ್ಟಿಗೆ ಕರೆದು ಕೇಳುವ ಮಾತು ಬಹಳಮಟ್ಟಿಗೆ ಒಂದೇ: “ಟೀಚರೇ, ಮಗಳು ಹೇಗಾದರೂ ಓದಿಕೊಂಡು ಹೋಗುತ್ತಾಳೆ, ಹುಡುಗನಿಗೆ ಇಂಗ್ಲೀಷು ತಲೆಗೆ ಹತ್ತುವುದೇ ಇಲ್ಲ, ಏನು ಮಾಡಲಿ?” ನಾನು ಈ ಶಾಲೆಗೆ ಬರುವುದಕ್ಕೆ ಮುಂಚೆ ಒಂಬತ್ತು ವರ್ಷಕಾಲ ಬಾಲಕರ ಪ್ರೌಢಶಾಲೆಯೊಂದರಲ್ಲಿ ಇಂಗ್ಲೀಷು ಕಲಿಸುತ್ತಿದ್ದವಳಾದುದರಿಂದ ಈ ಪ್ರಶ್ನೆಗೆ ಜಗಲಿಯಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಕೊಡಲಾರೆನು. ಆ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು. ಇಂಗ್ಲೀಷು ಬಾರದೆಂದು ನಾವು ದೂರುವ ಹುಡುಗರಲ್ಲಿ ಅನೇಕರಿಗೆ ಓದುವುದೇ ಬಾರದು. ಕನ್ನಡವನ್ನೂ ಓದಲು ಬಾರದು. ಈ ಸಂಗತಿಯನ್ನು ಅವರು ಎಂಟನೆಯ ತರಗತಿಗೆ ಬರುವ ವೇಳೆಗೆ ಎಷ್ಟು ಜಾಣತನದಿಂದ ಮರೆಮಾಡಲು ಕಲಿತಿರುತ್ತಾರೆಂದರೆ, ಉಪಾಧ್ಯಾಯರಿಗಾಗಲಿ ತಾಯಿತಂದೆಗಳಿಗಾಗಲಿ ಸುಲಭದಲ್ಲಿ ಗೊತ್ತಾಗುವಂತಿಲ್ಲ.

ಹೇಗೆ ಮರೆಮಾಡುತ್ತಾರೆಂಬುದನ್ನು ಹೇಳಬೇಕು. ತರಗತಿಯಲ್ಲಿ ಪಾಠವನ್ನು ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಓದುವ ವಾಡಿಕೆಯುಂಟು. ಓದಲಾರದ ಹುಡುಗನು ತನ್ನ ಸರದಿ ಎಷ್ಟನೆಯದೆಂದು ಲೆಕ್ಕಹಾಕಿ, ತನಗೆ ಬರುವ ವಾಕ್ಯವನ್ನು ಪಕ್ಕದವನಿಂದ ಕೇಳಿಕೊಂಡು, ಬಾಯಿಪಾಠಮಾಡಿ ನಿಂತು ಒಪ್ಪಿಸುತ್ತಾನೆ. ಅವನ ಕಣ್ಣುಗಳು ಪುಸ್ತಕದ ಮೇಲಿರುತ್ತವೆ, ಸಾಲಿನ ಮೇಲಿರುವುದಿಲ್ಲ. ಪ್ರಶ್ನೋತ್ತರಗಳನ್ನು ಕರಿಹಲಗೆಯಿಂದ ನೋಡಿ ಬರೆದುಕೊಳ್ಳುತ್ತಾನೆ. ಅಕ್ಷರಗಳಾದರೋ ಮುತ್ತು ಪೋಣಿಸಿದಂತೆ. ಒಂದು ಸಲ ನಾನು ಒಬ್ಬ ಹುಡುಗನ ಇಂಗ್ಲೀಷು ನೋಟುಬುಕ್ಕನ್ನು ತಿದ್ದುತ್ತಿದ್ದಾಗ ಪಾಠದ ಉತ್ತರದ ನಡುವೆ ರಸಾಯನಶಾಸ್ತ್ರದ ಒಂದು ಸಮೀಕರಣವು ಬಹು ಅಂದವಾಗಿ ಬರೆದಿದ್ದುದು ಕಂಡಿತು. ಹಿಂದಿನ ಪೀರಿಯಡ್ಡಿನವರು ಹಲಗೆಯ ಮೂಲೆಯಲ್ಲಿ ಅಳಿಸದೆ ಬಿಟ್ಟುಹೋಗಿದ್ದುದನ್ನು ಅವನು ನನ್ನ ಉತ್ತರದ ಭಾಗವೆಂದೇ ತಿಳಿದು ಪ್ರತಿಮಾಡಿದ್ದನು. ಅವನಿಗೆ ಎರಡೂ ಒಂದೇ ಬಗೆಯ ಚಿತ್ರಗಳು. ಆ ಹುಡುಗನಿಗೆ ಅದುವರೆಗೆ ನೋಟುಬುಕ್ಕಿನ ಅಂದಕ್ಕಾಗಿ ಪ್ರತಿವರ್ಷವೂ ಶಹಭಾಸ್‌ಗಿರಿ ಸಿಕ್ಕಿತ್ತು.

ಇದು ಒಂದೆರಡು ಶಾಲೆಗಳ ಕಥೆಯಲ್ಲ. ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುವ ಅಸರ್ ಸಮೀಕ್ಷೆಯ 2022ರ ವರದಿಯಲ್ಲಿ, ಐದನೆಯ ತರಗತಿಯ ಮಕ್ಕಳಲ್ಲಿ ನೂರಕ್ಕೆ ಸುಮಾರು 43 ಮಂದಿ ಮಾತ್ರ ಎರಡನೆಯ ತರಗತಿಯ ಮಟ್ಟದ ಪಾಠವನ್ನು ತಮ್ಮ ಭಾಷೆಯಲ್ಲಿ ಓದಬಲ್ಲವರಾಗಿದ್ದರು. ಉಳಿದವರೂ ಮುಂದಿನ ತರಗತಿಗಳಿಗೆ ಏರುತ್ತಲೇ ಇರುತ್ತಾರೆ. ಅವರು ಪ್ರೌಢಶಾಲೆಗೆ ಬಂದಾಗ ನಾವು ಅವರ ಕೈಯಲ್ಲಿ ಮೂರು ಭಾಷೆಗಳ ಪುಸ್ತಕಗಳನ್ನು ಕೊಟ್ಟು, ಇಂಗ್ಲೀಷು ಏಕೆ ಬಾರದೆಂದು ಗದರಿಸುತ್ತೇವೆ.

ಆ ಬಾಲಕರ ಶಾಲೆಯಲ್ಲಿ ನಾನು ಮಾಡಿದ ಮೊದಲನೆಯ ಕೆಲಸವೇನೆಂದರೆ, ಎಂಟನೆಯ ತರಗತಿಯ ಹುಡುಗರನ್ನು ಒಬ್ಬೊಬ್ಬರನ್ನಾಗಿ ಪ್ರತ್ಯೇಕ ಕರೆದು, ಯಾರೂ ಕೇಳದಂತೆ, ಅವರು ಹಿಂದೆ ಕಂಡಿರದ ಒಂದು ಪುಟವನ್ನು ಓದಿಸಿದ್ದು. ಮೊದಲು ಕನ್ನಡ, ಆಮೇಲೆ ಇಂಗ್ಲೀಷು. ಇಂಗ್ಲೀಷು ಓದಲಾರದವರಲ್ಲಿ ಬಹುಪಾಲು ಹುಡುಗರು ಕನ್ನಡದ ಒತ್ತಕ್ಷರಗಳಲ್ಲಿ ಮುಗ್ಗರಿಸುತ್ತಿದ್ದರು. “ಅಮ್ಮ,” “ಅಕ್ಕ” ಎಂಬುವು ಬರುತ್ತಿದ್ದುವು. “ರಾಷ್ಟ್ರ,” “ಪ್ರಾರ್ಥನೆ,” “ಸ್ವಾತಂತ್ರ್ಯ” ಎಂಬಲ್ಲಿ ಗಾಡಿ ನಿಲ್ಲುತ್ತಿತ್ತು. ಅರ್ಕಾವೊತ್ತನ್ನು ಯಾವ ಅಕ್ಷರಕ್ಕೆ ಮುಂಚೆ ಉಚ್ಚರಿಸಬೇಕೆಂಬುದು ಹದಿಮೂರು ವರ್ಷದ ಹುಡುಗನಿಗೆ ಒಬ್ಬರೂ ಹೇಳಿಕೊಟ್ಟಿರಲಿಲ್ಲ. ಆದಕಾರಣ ನಾನು ಇಂಗ್ಲೀಷಿನ ಉಪಾಧ್ಯಾಯಿನಿಯಾಗಿಯೂ ಆರು ವಾರಗಳ ಕಾಲ ಒತ್ತಕ್ಷರ ಕಲಿಸಿದೆನು. ಸಹೋದ್ಯೋಗಿಗಳಲ್ಲಿ ಕೆಲವರು ನಕ್ಕರು. ನಗಲಿ, ಆ ಆರು ವಾರಗಳಲ್ಲಿ ಹುಡುಗರ ಇಂಗ್ಲೀಷಿಗೆ ಆದ ಉಪಕಾರವು ಹಿಂದಿನ ಮೂರು ವರ್ಷಗಳಲ್ಲಿ ಆಗಿರಲಿಲ್ಲ.

ಕಾರಣವು ಸ್ಪಷ್ಟವಾಗಿದೆ. ಗೀಟುಗಳಿಂದ ಧ್ವನಿ, ಧ್ವನಿಗಳಿಂದ ಪದ, ಪದಗಳಿಂದ ಅರ್ಥ ಹೊರಡುತ್ತದೆಂಬ ತಿಳಿವಳಿಕೆಯು ಮನುಷ್ಯನಿಗೆ ಒಂದೇ ಸಲ ಬರತಕ್ಕದ್ದು. ಕನ್ನಡದಲ್ಲಿ ಅದು ಬಂದರೆ ಇಂಗ್ಲೀಷಿನಲ್ಲಿ ಅದನ್ನು ಮತ್ತೆ ಕಲಿಸಬೇಕಾಗಿಲ್ಲ. ಕನ್ನಡದಲ್ಲಿ ಅದು ಬರುವುದೂ ಸುಲಭ. ಏಕೆಂದರೆ ನಮ್ಮ ಲಿಪಿಯು ನೇರವಾದ ಲಿಪಿ, “ಕ” ಎಂಬುದು ಎಲ್ಲಿ ನಿಂತರೂ “ಕ”. ಇಂಗ್ಲೀಷಿನಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಹೊರೆಯನ್ನು ಹೊರಬೇಕು. ಐದೇ ಸ್ವರಾಕ್ಷರಗಳಿಗೆ ಇಪ್ಪತ್ತರಷ್ಟು ಸ್ವರಧ್ವನಿಗಳ ಕೆಲಸ. “ಪುಟ್” ಎಂಬುದಕ್ಕೂ “ಬಟ್” ಎಂಬುದಕ್ಕೂ ನಡುವಿನ ಅಕ್ಷರವು ಒಂದೇ ಆಗಿರುವಾಗ, ತನ್ನ ಲಿಪಿಯಲ್ಲಿಯೇ ಕಾಲೂರದ ಹುಡುಗನು ಈ ಜಾರುವ ನೆಲದಲ್ಲಿ ಹೇಗೆ ನಿಂತಾನು?

ಇಲ್ಲಿ ನಮ್ಮ ಮಕ್ಕಳ ಒಂದು ಅಭ್ಯಾಸವನ್ನು ಕುರಿತು ಹೇಳಬೇಕು. ಇಂಗ್ಲೀಷು ಪದದ ಮೇಲುಗಡೆ ಪೆನ್ಸಿಲಿನಿಂದ ಸಣ್ಣಗೆ ಕನ್ನಡದಲ್ಲಿ ಉಚ್ಚಾರಣೆ ಬರೆದಿಟ್ಟುಕೊಳ್ಳುವುದು. ಇದನ್ನು ಕಂಡೊಡನೆ ರಬ್ಬರಿನಿಂದ ಅಳಿಸಿಸುವ ಉಪಾಧ್ಯಾಯರುಂಟು. ನಾನು ಮೊದಲನೆಯ ತಿಂಗಳು ಅಳಿಸಿಸುವುದಿಲ್ಲ. ನಡೆಯಲು ಕಲಿಯುವವನಿಗೆ ಗೋಡೆಯ ಆಸರೆ ಬೇಕು. ಆದರೆ ಒಂದು ವರ್ಷ ಕಳೆದರೂ ಹುಡುಗನು ಕನ್ನಡದ ಸಾಲನ್ನೇ ಓದಿ ಇಂಗ್ಲೀಷು ಓದಿದೆನೆಂದು ಹೇಳುತ್ತಿದ್ದರೆ ಅದು ಮೋಸ. ಕಲಿಸಬೇಕಾದ ಕ್ರಮವು ಬೇರೆ: ಒಂದೇ ಬಗೆಯ ಧ್ವನಿಯುಳ್ಳ ಪದಗಳನ್ನು ಒಟ್ಟುಗೂಡಿಸಿ, “ಕ್ಯಾಟ್, ಹ್ಯಾಟ್, ಮ್ಯಾಟ್” ಎಂಬ ಬಳಗವೊಂದು, ಕೊನೆಯಲ್ಲಿ ಒಂದು ಮೂಕ ಅಕ್ಷರ ಸೇರಿದೊಡನೆ “ಮ್ಯಾಡ್” ಎಂಬುದು “ಮೇಡ್” ಆಗುವ ಬಳಗವೊಂದು, ಹೀಗೆ ದಿನಕ್ಕೊಂದರಂತೆ ಕಲಿಸುತ್ತ ಹೋದರೆ, ಇಂಗ್ಲೀಷಿನ ಕಾಗುಣಿತಕ್ಕೂ ಒಂದು ನ್ಯಾಯವುಂಟೆಂದು ಹುಡುಗರಿಗೆ ಹೊಳೆಯುತ್ತದೆ. ನ್ಯಾಯಕ್ಕೆ ಸಿಕ್ಕದ ಪದಗಳನ್ನು ಗೋಡೆಯ ಮೇಲೆ ಪಟ್ಟಿಮಾಡಿ ತೂಗುಹಾಕಬೇಕು. ಅವನ್ನು ಕಣ್ಣಿನಿಂದಲೇ ಗುರುತು ಹಿಡಿಯತಕ್ಕದ್ದು.

ಮತ್ತೊಂದು ಸಂಗತಿಯನ್ನು ಕಂಡು ನನಗೆ ಆಶ್ಚರ್ಯವೂ ಸಂತೋಷವೂ ಆಯಿತು. ಇಂಗ್ಲೀಷಿನ ಒಂದು ಸಾಲನ್ನೂ ಓದಲಾರೆವೆನ್ನುವ ಹುಡುಗರು ಮನೆಯ ಮೊಬೈಲ್ ಫೋನಿನಲ್ಲಿ ಒಬ್ಬರಿಗೊಬ್ಬರು “ಎಲ್ಲಿದ್ದೀಯಾ,” “ಗೊತ್ತಿಲ್ಲ,” “ಬೇಗ ಬಾರೋ” ಎಂದು ಇಂಗ್ಲೀಷಕ್ಷರಗಳಲ್ಲಿ ಕನ್ನಡವನ್ನು ಬರೆಯುತ್ತಾರೆ. ಶುದ್ಧ ಕನ್ನಡದ ಅಭಿಮಾನಿಗಳು ಇದನ್ನು ನೋಡಿ ಮೂಗು ಮುರಿಯಬಹುದು. ನಾನು ಆ ಸಂದೇಶಗಳನ್ನೇ ಕರಿಹಲಗೆಯ ಮೇಲೆ ಬರೆಯಿಸಿದೆನು. ಯಾವ ಅಕ್ಷರಕ್ಕೆ ಯಾವ ಧ್ವನಿಯೆಂಬುದನ್ನು ಅರ್ಧಮಟ್ಟಿಗೆ ತಾವೇ ಕಂಡುಕೊಂಡಿದ್ದೇವೆಂದು ತಿಳಿದಾಗ ಆ ಹುಡುಗರ ಮುಖ ಅರಳಿದುದನ್ನು ನೋಡಬೇಕಾಗಿತ್ತು. ಅಲ್ಲಿಂದ “ಬಾ” ಎಂಬುದರಿಂದ “ಬಾಲ್,” “ಬಾತ್,” “ಬಾರ್ನ್” ಎಂಬುವಕ್ಕೆ ಹೋಗುವುದು ದೂರವಾಗಲಿಲ್ಲ.

ಗಂಡುಹುಡುಗರ ವಿಷಯದಲ್ಲಿ ವಿಶೇಷವಾಗಿ ಎಚ್ಚರವಿರಬೇಕಾದದ್ದು ಅವರ ಮಾನದ ಪ್ರಶ್ನೆ. ಮೀಸೆ ಮೊಳೆಯುತ್ತಿರುವ ಹುಡುಗನ ಕೈಗೆ ಬೆಕ್ಕುನಾಯಿಗಳ ಚಿತ್ರವಿರುವ ಬಾಲಬೋಧೆಯನ್ನು ಕೊಟ್ಟರೆ ಅವನು ಅದನ್ನು ಓದುವುದಕ್ಕಿಂತ ಶಾಲೆಯನ್ನೇ ಬಿಡುವುದು ಲೇಸೆಂದು ಬಗೆಯುತ್ತಾನೆ. ಹುಡುಗಿಯರು ತುಸು ನಾಚಿಕೊಂಡಾದರೂ ಕುಳಿತು ಕಲಿಯುತ್ತಾರೆ; ಹುಡುಗರು ತಮಾಷೆ ಮಾಡಿ, ಬೆಂಚು ಮುರಿದು, ತರಗತಿಯ ಹೊರಗೆ ನಿಲ್ಲಿಸಿಕೊಳ್ಳುತ್ತಾರೆ. ಹೊರಗೆ ನಿಂತವನನ್ನು ಯಾರೂ ಓದೆನ್ನುವುದಿಲ್ಲವಲ್ಲ! ಉಪದ್ರವಿಯೆಂಬ ಹೆಸರು ದಡ್ಡನೆಂಬ ಹೆಸರಿಗಿಂತ ಅವರಿಗೆ ಗೌರವದ್ದು. ಆದುದರಿಂದ ಭಾಷೆ ಎಳೆಯದಾಗಿದ್ದರೂ ವಿಷಯವು ಬೆಳೆದವರಿಗೆ ಒಪ್ಪುವಂತಿರಬೇಕು. ಬಸ್ಸಿನ ನಾಮಫಲಕ, ಬಿತ್ತನೆಬೀಜದ ಚೀಲದ ಮೇಲಿನ ಸೂಚನೆ, ಪಂಪುಸೆಟ್ಟಿನ ಜೊತೆ ಬರುವ ಕಾಗದ, ಕ್ರಿಕೆಟ್ ಆಟದ ವರದಿ, ಇವೆಲ್ಲವೂ ಪಾಠಗಳಾಗಲು ಯೋಗ್ಯವಾದುವು.

ಇದು ನಾನೊಬ್ಬಳೇ ಕಂಡ ಹೊಸ ಮಾತಲ್ಲ. ಢಾಕಾ ಪಟ್ಟಣದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ಮೈಕೇಲ್ ವೆಸ್ಟ್ ಎಂಬವರು 1926ರಲ್ಲಿ ಬಂಗಾಳದ ದ್ವಿಭಾಷಾ ವಿದ್ಯಾಭ್ಯಾಸವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಬಂಗಾಳದ ಹುಡುಗರಲ್ಲಿ ಬಹುಮಂದಿ ಕೊನೆಯ ಪರೀಕ್ಷೆಯವರೆಗೆ ಹೋಗದೆ ನಡುವೆಯೇ ಶಾಲೆ ಬಿಡುತ್ತಿದ್ದರು. ಹಾಗೆ ಬಿಡುವವನು ಬಿಟ್ಟ ದಿನ ತನ್ನ ಕೈಯಲ್ಲಿ ಏನನ್ನು ತೆಗೆದುಕೊಂಡು ಹೋಗುತ್ತಾನೆಂಬುದೇ ಅವರ ಪ್ರಶ್ನೆ. ಅರ್ಧ ಕಟ್ಟಿದ ವಿಮೆಯನ್ನು ನಿಲ್ಲಿಸಿದಾಗ ಹಿಂದಕ್ಕೆ ಬರುವ ಹಣಕ್ಕೆ ಅವರು ಇದನ್ನು ಹೋಲಿಸಿದರು. ವ್ಯಾಕರಣದ ಅರ್ಧಭಾಗ, ಸಂಭಾಷಣೆಯ ಕಾಲುಭಾಗ ಕಲಿತು ಬಿಟ್ಟವನಿಗೆ ಯಾವುದೂ ಉಳಿಯದು. ಓದಲು ಕಲಿತು ಬಿಟ್ಟವನು ಮುಂದೆ ತಾನೇ ಓದಿಕೊಂಡು ಬೆಳೆದಾನು. ಆದುದರಿಂದ ಓದು ಮೊದಲೆಂದು ಅವರು ವಾದಿಸಿ, ಎಣಿಸಿ ಆರಿಸಿದ ಪದಗಳಲ್ಲಿ ವಾಚಕಗಳನ್ನು ರಚಿಸಿದರು. 1953ರಲ್ಲಿ ಅವರು ಪ್ರಕಟಿಸಿದ ಪದಪಟ್ಟಿಯಲ್ಲಿ ಅತಿ ಬಳಕೆಯ ಸುಮಾರು 2000 ಪದಗಳಿವೆ. ದಿನಕ್ಕೆ ನಾಲ್ಕು ಪದಗಳಂತೆ ಎರಡು ವರ್ಷ ಸಾಕಷ್ಟೆ! ಬೀದಿಬೀದಿಗೆ ಫಲಕ ತೂಗುಹಾಕಿ ಮೂವತ್ತು ದಿನಗಳಲ್ಲಿ ಇಂಗ್ಲೀಷು ಮಾತು ಕಲಿಸುವೆವೆನ್ನುವವರ ಲೆಕ್ಕಕ್ಕಿಂತ ಈ ಲೆಕ್ಕವು ನನಗೆ ನಂಬಿಕೆಗೆ ಅರ್ಹವಾಗಿ ತೋರುತ್ತದೆ.

ಒಬ್ಬೊಬ್ಬರೇ ಗಟ್ಟಿಯಾಗಿ ಓದುವ ವಾಡಿಕೆಯ ಲೆಕ್ಕವನ್ನೂ ನೋಡಿರಿ. ನಲವತ್ತು ನಿಮಿಷದ ಪೀರಿಯಡ್ಡು, ಅರವತ್ತು ಹುಡುಗರು: ತಲೆಗೆ ನಲವತ್ತು ಸೆಕೆಂಡು. ಉಳಿದ ಮೂವತ್ತೊಂಬತ್ತು ನಿಮಿಷ ಅವನು ಇತರರ ತಪ್ಪುಗಳನ್ನು ಕೇಳುತ್ತ ಕುಳಿತಿರುತ್ತಾನೆ. ಇದರ ಬದಲು ಹಲಗೆಯ ಮೇಲೆ ಎರಡು ಪ್ರಶ್ನೆಗಳನ್ನು ಮೊದಲೇ ಬರೆದು, ಉತ್ತರವನ್ನು ಹುಡುಕುತ್ತ ಎಲ್ಲರೂ ಮೌನವಾಗಿ ಓದುವಂತೆ ಮಾಡಿದರೆ, ಅರವತ್ತು ಮಂದಿಯೂ ಇಡೀ ಹೊತ್ತು ಓದುತ್ತಾರೆ. ಮೌನವಾಗಿರುವ ತರಗತಿಯನ್ನು ಕಂಡರೆ ಕೆಲವು ಇನ್ಸ್‌ಪೆಕ್ಟರುಗಳಿಗೆ ಸಮಾಧಾನವಾಗುವುದಿಲ್ಲವೆಂಬುದು ಬೇರೆ ಮಾತು.

ಈ ಕೆಲಸವನ್ನು ಭಾಷೋಪಾಧ್ಯಾಯರ ತಲೆಗೇ ಕಟ್ಟಿ ಉಳಿದವರು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಗಣಿತದ ಉಪಾಧ್ಯಾಯರು ಹುಡುಗನಿಗೆ ಲೆಕ್ಕ ಬಾರದೆನ್ನುತ್ತಾರೆ. ಆ ಲೆಕ್ಕವನ್ನು ಬಾಯಲ್ಲಿ ಹೇಳಿದರೆ ಅಂಗಡಿಯ ಲೆಕ್ಕದಂತೆ ಥಟ್ಟನೆ ಮಾಡಿಬಿಡುತ್ತಾನೆ. ಪುಸ್ತಕದಲ್ಲಿರುವ “ಉಳಿದುದರಲ್ಲಿ ಮೂರನೆಯ ಒಂದು ಭಾಗ” ಎಂಬುದನ್ನು ಓದಿ ಅರ್ಥಮಾಡಿಕೊಳ್ಳಲಾರದೆ ಕುಳಿತಿರುತ್ತಾನೆ. ವಿಜ್ಞಾನದವರಾಗಲಿ ಚರಿತ್ರೆಯವರಾಗಲಿ ತಮ್ಮ ಪಾಠದ ಒಂದು ಪ್ಯಾರಾವನ್ನಾದರೂ ಹುಡುಗರಿಂದ ಓದಿಸಿ, ಅವರ ಮಾತಿನಲ್ಲೇ ತಿರುಗಿ ಹೇಳಿಸಬೇಕು. ನೋಟ್ಸು ಬರೆಯಿಸಿ ಮುಗಿಸುವುದು ಸುಲಭ. ಗೈಡುಗಳ ವಿಷಯವನ್ನಂತೂ ನಾನು ಎತ್ತುವುದೇ ಇಲ್ಲ. ಅವು ಓದದೆಯೇ ಪಾಸಾಗುವ ವಿದ್ಯೆಯನ್ನು ಕಲಿಸುವ ಪುಸ್ತಕಗಳು.

ಇನ್ನು ಮಾಧ್ಯಮದ ಪ್ರಶ್ನೆ. ಇದು ಹಳೆಯ ಜಗಳ. 1835ರಲ್ಲಿ ಮೆಕಾಲೆ ಮಹಾಶಯರು ಇಂಗ್ಲೀಷಿನ ಪಕ್ಷವಾಗಿ ತಮ್ಮ ಟಿಪ್ಪಣಿಯನ್ನು ಬರೆದರು. 1854ರ ವುಡ್ ಅವರ ನಿರೂಪವು ಜನಸಾಮಾನ್ಯರಿಗೆ ದೇಶಭಾಷೆಯಲ್ಲಿಯೇ ವಿದ್ಯೆ ತಲುಪಬೇಕೆಂದಿತು. ನಮ್ಮ ನಾಡಿನಲ್ಲಿ 1982ರ ಗೋಕಾಕ್ ಚಳವಳಿ ನಡೆಯಿತು. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲೀಷನ್ನು ಒಂದು ಭಾಷೆಯಾಗಿ ಕಲಿಸಲಾರಂಭಿಸಿದರು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನ ಪರವಾಗಿ ತಾಯಿತಂದೆಗಳದೆಂದು ತೀರ್ಪಿತ್ತಿತು. ಹಕ್ಕು ನಿಮ್ಮದಾಯಿತು. ಅದನ್ನು ಹೇಗೆ ಬಳಸುತ್ತಿದ್ದೀರೆಂದು ಕೇಳುವ ಸ್ವಾತಂತ್ರ್ಯವನ್ನು ನಿಮ್ಮ ಹಳೆಯ ಶಾಲೆಗೆ ಕೊಡಿರಿ.

ನಮ್ಮ ದಾಖಲಾತಿಯ ಸಮಯದಲ್ಲಿ ನಾನು ವರ್ಷವರ್ಷವೂ ಕಾಣುವ ಸಂಗತಿಯೊಂದುಂಟು. ಒಂದೇ ಮನೆಯ ಅಕ್ಕನನ್ನು ನಮ್ಮ ಕನ್ನಡ ಮಾಧ್ಯಮಕ್ಕೆ ಸೇರಿಸುತ್ತಾರೆ. ತಮ್ಮನನ್ನು ಸಾಲಮಾಡಿಯಾದರೂ ವ್ಯಾನು ಬರುವ ಇಂಗ್ಲೀಷು ಶಾಲೆಗೆ ಕಳುಹಿಸುತ್ತಾರೆ. ಮಗನಿಗೆ ನೌಕರಿ ಬೇಕು, ಮಗಳಿಗೆ ಇಷ್ಟು ಸಾಕು, ಎಂಬ ಲೆಕ್ಕ. ಇದರಲ್ಲಿ ಇಬ್ಬರಿಗೂ ಅನ್ಯಾಯವಾಗುತ್ತಿದೆಯೆಂದು ನಾನು ದೃಢವಾಗಿ ಹೇಳುವೆನು. ಮಗಳಿಗೆ ಆಗುವ ಅನ್ಯಾಯವು ಕಣ್ಣಿಗೆ ಕಾಣುತ್ತದೆ. ಅವಳಿಗೆ ಒಳ್ಳೆಯ ಇಂಗ್ಲೀಷು ಬೇಡವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. 1951ರ ಜನಗಣತಿಯಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ ಒಂಬತ್ತು ಮಂದಿಗೂ ಅಕ್ಷರ ಬರುತ್ತಿರಲಿಲ್ಲ. 2011ರಲ್ಲಿ ಕರ್ನಾಟಕದ ಹೆಂಗಸರಲ್ಲಿ ಅಕ್ಷರಸ್ಥರು ನೂರಕ್ಕೆ 68ಕ್ಕೆ ಏರಿದರು. ಈ ದಾರಿಯನ್ನು ಇಷ್ಟು ದೂರ ನಡೆದು ಬಂದವರು ನಡುವೆ ನಿಲ್ಲಲು ಬಂದವರಲ್ಲ. ಆದರೆ ಮಗನಿಗೆ ಆಗುವ ಅನ್ಯಾಯವು ಒಳಗೊಳಗೇ ಇರುತ್ತದೆ. ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಅವನು ಮೊದಲನೆಯ ಅಕ್ಷರವನ್ನು ತಿದ್ದಬೇಕು; ತನ್ನ ಭಾಷೆಯಲ್ಲಿ ಒಂದು ಕಥೆಯನ್ನೂ ಓದಿ ನಕ್ಕವನಲ್ಲ; ಅರ್ಥವಿಲ್ಲದ ಧ್ವನಿಗಳನ್ನು ಒಪ್ಪಿಸುವುದೇ ಓದೆಂದು ಅವನು ತಿಳಿಯುತ್ತಾನೆ. ಅಂಥ ಹುಡುಗರು ಶುಲ್ಕ ಕಟ್ಟಲಾರದೆ ಏಳು, ಎಂಟನೆಯ ತರಗತಿಯಲ್ಲಿ ಬಾಲಕರ ಪ್ರೌಢಶಾಲೆಗೆ ಮರಳಿ ಬಂದಾಗ ಅವರಿಗೆ ಇಂಗ್ಲೀಷೂ ಇರಲಿಲ್ಲ, ಕನ್ನಡವೂ ಇರಲಿಲ್ಲ. ಅಕ್ಕಂದಿರು ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡುತ್ತಿದ್ದರು. ಇದನ್ನು ನಾನು ಒಂದು ಸಲವಲ್ಲ, ಹತ್ತು ಸಲ ಕಂಡಿದ್ದೇನೆ.

ಹಾಗೆಂದು ಇಂಗ್ಲೀಷನ್ನು ತಡೆಯಬೇಕೆನ್ನುವವಳು ನಾನಲ್ಲ. ಅದರಿಂದಲೇ ಅನ್ನ ತಿಂದವಳು ಹಾಗೆನ್ನಲಾರಳು. ಮೈಸೂರಿನ ವೆಸ್ಲಿಯನ್ ಮಿಶನ್ ಹೈಸ್ಕೂಲಿನಲ್ಲಿ ಓದಿದ ಮಲೆನಾಡಿನ ಹುಡುಗನೊಬ್ಬನು 1922ರಲ್ಲಿ ಇಂಗ್ಲೀಷು ಕವಿತೆಗಳ ಸಣ್ಣ ಪುಸ್ತಕವೊಂದನ್ನು ಪ್ರಕಟಿಸಿದನು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಮಾತೃಭಾಷೆಯಲ್ಲಿ ಬರೆಯುವಂತೆ ಅವನಿಗೆ ಬುದ್ಧಿ ಹೇಳಿದರು. ಆ ಹುಡುಗನೇ ಕುವೆಂಪು. ಇಂಗ್ಲೀಷಿನ ಪ್ರೊಫೆಸರರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲೀಷು ಕವಿತೆಗಳನ್ನು ಕನ್ನಡಕ್ಕೆ ತಂದುದರಿಂದ ನಮ್ಮ ಹೊಸ ಕಾವ್ಯಕ್ಕೆ ದಾರಿಯಾಯಿತು. ಅದರ ಎದುರುದಿಕ್ಕಿನಿಂದ ನಡೆದು ಬಂದವರು ಬಾಸೆಲ್ ಮಿಶನ್ನಿನ ಕಿಟ್ಟೆಲ್ ಪಂಡಿತರು. 1853ರಲ್ಲಿ ಈ ದೇಶಕ್ಕೆ ಬಂದು, ಕನ್ನಡವನ್ನು ಅಕ್ಷರದಿಂದ ಕಲಿತು, 1894ರಲ್ಲಿ ಕನ್ನಡ–ಇಂಗ್ಲೀಷು ನಿಘಂಟನ್ನು ನಮಗಿತ್ತರು. ಇವರಲ್ಲಿ ಯಾರಿಗೂ ಒಂದು ಭಾಷೆಯ ಬಲವು ಇನ್ನೊಂದರ ಕಲಿಕೆಗೆ ಅಡ್ಡಿಯಾಗಲಿಲ್ಲ.

ಮನೆಯಲ್ಲಿ ತಾಯಿಯಾದವಳು ಏನು ಮಾಡಬಹುದು? ಟ್ಯೂಷನ್ನಿಗೆ ಕಳುಹಿಸುವುದಕ್ಕೆ ಮೊದಲು ಹುಡುಗನನ್ನು ಹತ್ತಿರ ಕೂರಿಸಿಕೊಂಡು, ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಅವನಿಗೆ ಪರಿಚಯವಿಲ್ಲದ ಒಂದು ಕನ್ನಡ ಪುಟವನ್ನು ಓದಿಸಿರಿ. ಪಾಠಪುಸ್ತಕ ಬೇಡ, ಅದು ಬಾಯಿಪಾಠವಾಗಿರುತ್ತದೆ. ಎಲ್ಲಿ ತಡೆಯುತ್ತಾನೋ ಅಲ್ಲಿ ಪೆನ್ಸಿಲಿನಿಂದ ಚುಕ್ಕೆಯಿಡಿರಿ, ಬೈಯಬೇಡಿರಿ. ನಮ್ಮ ಕ್ರೈಸ್ತ ಮನೆಗಳಲ್ಲಿ ಸಂಜೆಯ ಕುಟುಂಬಪ್ರಾರ್ಥನೆಗೆ ಕುಳಿತಾಗ ಸತ್ಯವೇದವನ್ನು ಕೈಯಿಂದ ಕೈಗೆ ದಾಟಿಸಿ ಒಬ್ಬೊಬ್ಬರು ಒಂದೊಂದು ವಚನ ಓದುವ ಪದ್ಧತಿಯಿತ್ತು; ನನ್ನ ತಲೆಮಾರಿನವರಲ್ಲಿ ಎಷ್ಟೋ ಜನ ಅಲ್ಲಿಯೇ ಒತ್ತಕ್ಷರಗಳನ್ನು ಗೆದ್ದವರು. ಈಗ ಪ್ರಾರ್ಥನೆ ನಡೆಯುವ ಮನೆಗಳಲ್ಲಿಯೂ ಮಗಳೊಬ್ಬಳೇ ಓದುತ್ತಾಳೆ, ಮಗನು ಆಟ ಮುಗಿಸಿ “ಆಮೆನ್” ಹೇಳುವ ಹೊತ್ತಿಗೆ ಬರುತ್ತಾನೆ. ಇತರ ಮತದ ಮನೆಗಳಲ್ಲಿ ಪುರಾಣವಾಚನವೂ ಹೀಗೆಯೇ ಅಜ್ಜಿಯರ ಪಾಲಿಗೆ ಉಳಿದಿರುವುದೆಂದು ಕೇಳಿದ್ದೇನೆ. ಓದುವುದು ಹೆಂಗಸರ ಕೆಲಸವೆಂದು ಹುಡುಗನು ತಿಳಿದುಕೊಂಡರೆ ಅದಕ್ಕೆ ಅವನು ಹೊಣೆಯಲ್ಲ. ಅವನ ಅಪ್ಪನು ಕೈಯಲ್ಲಿ ಪುಸ್ತಕ ಹಿಡಿದುದನ್ನು ಅವನು ಎಂದು ಕಂಡಿದ್ದಾನೆ? ಈ ಪುಟವನ್ನು ಮನೆಯ ಯಜಮಾನರಿಗೂ ತೋರಿಸಬೇಕೆಂದು ನನ್ನ ಕೋರಿಕೆ.

ಬರುವ ಜೂನ್ ತಿಂಗಳಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರವರೆಗೆ ನಮ್ಮ ಶಾಲೆಯ ವಾಚನಾಲಯವನ್ನು ನಮ್ಮ ವಿದ್ಯಾರ್ಥಿನಿಯರ ತಮ್ಮಂದಿರಿಗೂ, ಪೂರ್ವವಿದ್ಯಾರ್ಥಿನಿಯರ ಗಂಡುಮಕ್ಕಳಿಗೂ ತೆರೆದಿಡುವುದಾಗಿ ಆಡಳಿತ ಮಂಡಳಿಯವರು ಒಪ್ಪಿರುವರು. ಐದನೆಯ ತರಗತಿಯಿಂದ ಹತ್ತರವರೆಗಿನ ಹುಡುಗರು ಬರಬಹುದು. ಶುಲ್ಕವಿಲ್ಲ, ಪರೀಕ್ಷೆಯೂ ಇಲ್ಲ. ಹುಡುಗರ ಪಕ್ಕದಲ್ಲಿ ಕುಳಿತು ಕೇಳುವುದಕ್ಕೆ ತಾಳ್ಮೆಯುಳ್ಳ ಹದಿನೈದು ಮಂದಿ ಹಳೆಯ ವಿದ್ಯಾರ್ಥಿನಿಯರು ನಮಗೆ ಬೇಕಾಗಿದ್ದಾರೆ. ನಿವೃತ್ತರಾದ ಗಂಡಸರು ಯಾರಾದರೂ ಬಂದರೆ ಇನ್ನೂ ಸಂತೋಷ. ಪುಸ್ತಕಗಳನ್ನು ಕೊಡಬಯಸುವವರು ಕಥೆ, ಪ್ರವಾಸ, ಆಟ, ಯಂತ್ರಗಳ ವಿಷಯವಾದ ಕನ್ನಡ ಮತ್ತು ಸುಲಭ ಇಂಗ್ಲೀಷಿನ ಪುಸ್ತಕಗಳನ್ನು ಕಛೇರಿಯಲ್ಲಿ ಒಪ್ಪಿಸಬಹುದು. ಹಳೆಯ ಗೈಡುಗಳನ್ನು ದಯವಿಟ್ಟು ತರಬೇಡಿರಿ.